ಹೊರಗಿನ ಲೇನಿನ ಓಟಗಾರರು: ರೋಣ, ನರಗುಂದ, ಗಜೇಂದ್ರಗಡ ಮತ್ತು ವಿಶ್ವವಿದ್ಯಾಲಯದ ಕ್ರೀಡಾ ಆಡಳಿತದ ನೆನಪುಗಳು

ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಭಾಗದ ನಿರ್ದೇಶಕರ ಹುದ್ದೆಯು ಹೊರಗಿನವರ ಕಣ್ಣಿಗೆ ಪದಕ, ಪೆರೇಡು ಮತ್ತು ಟ್ರ್ಯಾಕ್‌ಸೂಟುಗಳ ಹುದ್ದೆಯಾಗಿ ಕಾಣುತ್ತದಾದರೂ, ಅದನ್ನು ವಹಿಸಿಕೊಂಡವರ ಬಹುಪಾಲು ದಿನಗಳು ಪಂದ್ಯಾವಳಿಗಳ ವೇಳಾಪಟ್ಟಿ, ಅರ್ಹತಾ ಪತ್ರ, ಪ್ರಯಾಣ ಭತ್ಯೆ, ಮೈದಾನದ ಸಿದ್ಧತೆ, ತೀರ್ಪುಗಾರರ ನೇಮಕ ಇವುಗಳ ನಡುವೆಯೇ ಕಳೆದುಹೋಗುತ್ತವೆ. ಕಾಲೇಜುಗಳ ಮಟ್ಟದಲ್ಲಿ ಇದೇ ಕೆಲಸವನ್ನು ನೋಡಿಕೊಳ್ಳುವವರಿಗೂ ದೈಹಿಕ ಶಿಕ್ಷಣ ನಿರ್ದೇಶಕ ಎಂದೇ ಹೆಸರು. ವಿದ್ಯಾರ್ಥಿಗಳ ಬಾಯಲ್ಲಿ ಅವರು 'ಪೀಡಿ ಸರ್' ಅಥವಾ 'ಪೀಡಿ ಮೇಡಂ'. ಈ ಬರಹದ ಹಿಂದಿರುವ ನೆನಪುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಂಥ ಕಚೇರಿಯ ಮೇಜಿನ ಎರಡೂ ಬದಿಗಳಿಗೆ ಸೇರಿದವು: ಗದಗ ಸೀಮೆಯ ಕಾಲೇಜಿನಿಂದ ಅರ್ಜಿ ಹಿಡಿದು ಬಂದು ನಿಂತ ವರ್ಷಗಳವು ಕೆಲವು, ಅಂಥ ಅರ್ಜಿಗಳನ್ನು ಓದಿ ನಿರ್ಧಾರ ಹೇಳಬೇಕಾಗಿ ಬಂದ ವರ್ಷಗಳವು ಕೆಲವು. ಆ ಎರಡನ್ನೂ ಕೂಡಿಸಿ ನೋಡಿದಾಗ ಲೇಖಕನಿಗೆ ಸ್ಪಷ್ಟವಾದ ಸಂಗತಿ ಒಂದೇ: ವಿಶ್ವವಿದ್ಯಾಲಯದ ಕ್ರೀಡಾ ಆಡಳಿತವು ಎಷ್ಟು ಚೆನ್ನಾಗಿ ನಡೆದಿದೆ ಎಂಬುದನ್ನು ಅಳೆಯಬೇಕಾದ ಜಾಗ ಧಾರವಾಡದ ಕ್ರೀಡಾಂಗಣವಲ್ಲ, ರೋಣ, ನರಗುಂದ, ಗಜೇಂದ್ರಗಡದಂಥ ದೂರದ ಊರುಗಳ ಮಕ್ಕಳು ಓಟದ ಆರಂಭದ ಗೆರೆಯವರೆಗೆ ಬಂದು ಮುಟ್ಟಿದರೇ ಎಂಬ ಪ್ರಶ್ನೆಯಲ್ಲಿ ಆ ಅಳತೆ ಇದೆ.

ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಅದರ ವ್ಯಾಪ್ತಿ ಕಾರವಾರದ ಕಡಲ ದಂಡೆಯಿಂದ ಬೀದರದವರೆಗೆ ಹಬ್ಬಿತ್ತು; 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ 2010ರಲ್ಲಿ ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ ಬೇರೆಯಾದ ಮೇಲೆ ಆ ವಿಸ್ತಾರ ಬಹಳಷ್ಟು ಕುಗ್ಗಿತಾದರೂ, ಗದಗ ಸೀಮೆ ಧಾರವಾಡದ ಜೊತೆಗೇ ಉಳಿಯಿತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಈ ಮೂರೂ ಊರುಗಳು ಧಾರವಾಡ ಜಿಲ್ಲೆಯಲ್ಲಿಯೇ ಇದ್ದವು, ಮತ್ತು ರೋಣ ತಾಲ್ಲೂಕಿನ ಭಾಗವಾಗಿದ್ದ ಗಜೇಂದ್ರಗಡವು ತಾನೇ ಒಂದು ತಾಲ್ಲೂಕಾದದ್ದು ತೀರ ಈಚೆಗೆ. ಆಡಳಿತದ ಗೆರೆಗಳು ಹೀಗೆ ಮೇಲಿಂದ ಮೇಲೆ ಬದಲಾದರೂ ಕ್ರೀಡಾಪಟುವಿನ ದಾರಿ ಮಾತ್ರ ಬದಲಾಗಲಿಲ್ಲ. ಗಜೇಂದ್ರಗಡದಿಂದ ಗದಗ, ಗದಗದಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಧಾರವಾಡ ಎಂದು ನೂರು ಕಿಲೋಮೀಟರಿಗೂ ಮೀರಿದ ಹಾದಿಯನ್ನು ಬಸ್ಸು ಬದಲಿಸುತ್ತಲೇ ಸವೆಸಬೇಕಿತ್ತು. ಗದಗ–ಸೊಲ್ಲಾಪುರ ರೈಲುಮಾರ್ಗವು ರೋಣ ತಾಲ್ಲೂಕಿನ ಮಲ್ಲಾಪುರ, ಹೊಳೆಆಲೂರುಗಳ ಮೂಲಕ ಹಾದುಹೋದರೂ ನರಗುಂದಕ್ಕಾಗಲಿ ಗಜೇಂದ್ರಗಡಕ್ಕಾಗಲಿ ರೈಲಿಲ್ಲ. ಆದ್ದರಿಂದ ಧಾರವಾಡದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ವರದಿ ಮಾಡಿಕೊಳ್ಳಬೇಕೆಂದು ಹೊರಡಿಸಿದ ಒಂದು ಸಾಲಿನ ಸುತ್ತೋಲೆಯು ಸ್ಥಳೀಯ ವಿದ್ಯಾರ್ಥಿಗೆ ಒಂದು ಸೈಕಲ್ ಸವಾರಿಯ ಮಾತಾದರೆ, ಗಜೇಂದ್ರಗಡದ ವಿದ್ಯಾರ್ಥಿಗೆ ಹಿಂದಿನ ದಿನವೇ ಊರು ಬಿಟ್ಟು ರಾತ್ರಿ ತಂಗಲು ಜಾಗ ಹುಡುಕಬೇಕಾದ ಮಾತಾಗುತ್ತಿತ್ತು.

ಈ ಭಾಗದಲ್ಲಿ ದೈಹಿಕ ಶಿಕ್ಷಣವು ಒಂದು ವೃತ್ತಿಯಾಗಿ ಬೇರೂರಿದ್ದು ಎರಡು ಕಡೆಯ ಪ್ರಭಾವದಿಂದ. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಒಂದಾದರೆ, ಮುಂಬಯಿ ಸರ್ಕಾರವು 1938ರಲ್ಲಿ ಕಾಂದಿವಲಿಯಲ್ಲಿ ತೆರೆದ ತರಬೇತಿ ಸಂಸ್ಥೆ ಇನ್ನೊಂದು. ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾರಣ ಕಾಂದಿವಲಿಯ ಶಿಸ್ತು ಇಲ್ಲಿನ ಶಾಲೆಗಳಿಗೆ ನೇರವಾಗಿ ತಲುಪಿತು. ಆದರೆ ಓಡುವ ಕಾಲುಗಳು ಈ ನೆಲದಲ್ಲಿ ಅದಕ್ಕೂ ಮೊದಲೇ ಇದ್ದವು. ಭಾರತ ತನ್ನ ತಂಡವನ್ನು ಮೊದಲ ಬಾರಿಗೆ ಕಳಿಸಿದ 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಗುರಿ ಮುಟ್ಟಿದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಲ್ಲಿ ಓಡಿದ ಹಳ್ಳಿಯ ಹುಡುಗರನ್ನು ಕಂಡ ದೊರಾಬ್ಜಿ ಟಾಟಾ ಅವರು ಮುಂದೆ ನಿಂತು ಆ ತಂಡವನ್ನು ಕಟ್ಟಿದರು. ಪ್ರತಿಭೆ ಹಳ್ಳಿಯಲ್ಲಿರುತ್ತದೆ, ಅದನ್ನು ಕಂಡು ದಾರಿ ಮಾಡಿಕೊಡುವವರು ಬೇಕಾಗುತ್ತಾರೆ ಎಂಬ ಪಾಠವನ್ನು ಈ ನಾಡಿನ ಕ್ರೀಡಾ ಆಡಳಿತ ತನ್ನ ಹುಟ್ಟಿನಲ್ಲಿಯೇ ಪಡೆದಿತ್ತು.

ನಿರ್ದೇಶಕರ ವರ್ಷವು ಕ್ರೀಡಾ ಕ್ಯಾಲೆಂಡರಿನಿಂದ ಆರಂಭವಾಗುತ್ತಿತ್ತು. ಯಾವ ಪಂದ್ಯಾವಳಿ ಯಾವ ಕಾಲೇಜಿನಲ್ಲಿ ಯಾವ ದಿನ ಎಂಬುದನ್ನು ನಿಗದಿಪಡಿಸುವ ಈ ಪಟ್ಟಿಯನ್ನು ಮೇಲ್ನೋಟಕ್ಕೆ ಗುಮಾಸ್ತಿಕೆಯ ಕೆಲಸ ಎನ್ನಬಹುದಾದರೂ, ಯಾರು ಆಡುತ್ತಾರೆ ಮತ್ತು ಯಾರು ಮನೆಯಲ್ಲಿ ಉಳಿಯುತ್ತಾರೆ ಎಂಬುದು ತೀರ್ಮಾನವಾಗುತ್ತಿದ್ದದ್ದು ಅದರಲ್ಲಿಯೇ. ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ನಡೆಸುವ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳು ಬಹುಪಾಲು ಚಳಿಗಾಲದಲ್ಲಿ ಬರುವುದರಿಂದ, ಅಂತರ ಕಾಲೇಜು ಪಂದ್ಯಗಳನ್ನೂ ಆಯ್ಕೆಯನ್ನೂ ತರಬೇತಿ ಶಿಬಿರವನ್ನೂ ಅದಕ್ಕೆ ಮುಂಚೆಯೇ, ಅಂದರೆ ಮುಂಗಾರಿ ಮುಗಿದು ಹಿಂಗಾರಿ ಮೊದಲಾಗುವ ಹೊತ್ತಿಗೆ ಪೂರೈಸಬೇಕು. ರೋಣ, ನರಗುಂದಗಳ ಎರಿ ಹೊಲದ ಒಕ್ಕಲುತನಕ್ಕೂ ಅದೇ ಹೊತ್ತು ಬಿಡುವಿಲ್ಲದ ಕಾಲ. ಹೆಸರು ಬಿಡಿಸಿ ಒಕ್ಕುವುದು, ಉಳ್ಳಾಗಡ್ಡಿ ಕೀಳುವುದು, ಮಳೆ ನೋಡಿಕೊಂಡು ಬಿಳಿಜೋಳ ಮತ್ತು ಕಡಲೆ ಬಿತ್ತುವುದು ಒಂದರ ಬೆನ್ನಿಗೆ ಒಂದು ಬರುತ್ತವೆ. ಆ ವಾರಗಳಲ್ಲಿ ಮನೆಯ ಇಪ್ಪತ್ತು ವರ್ಷದ ಮಗ ಅಥವಾ ಮಗಳು ಒಂದು ಆಳಿನ ಲೆಕ್ಕ. ಬಿತ್ತನೆಯ ವಾರದಲ್ಲಿ ಆಯ್ಕೆ ಇಟ್ಟು ಆಟಗಾರ ಬರಲಿಲ್ಲವೆಂದು ಅಶಿಸ್ತಿನ ಷರಾ ಬರೆಯುವುದು ಸುಲಭ. ಆಯಾ ಸೀಮೆಯ ಪೀಡಿಗಳನ್ನು ಕೇಳಿ, ನಾಲ್ಕು ದಿನ ಹಿಂದೆ ಮುಂದೆ ಮಾಡಿ, ಆ ಹುಡುಗನನ್ನು ಮೈದಾನಕ್ಕೆ ಬರುವಂತೆ ಮಾಡುವುದಕ್ಕೆ ಮಾತ್ರ ಒಕ್ಕಲುತನ ಬಲ್ಲ ಆಡಳಿತಗಾರ ಬೇಕಾಗುತ್ತಿತ್ತು.

ಮಳೆಯ ಜೊತೆಗೆ ಹೊಳೆಯ ಮಾತೂ ಇತ್ತು. ಮಲಪ್ರಭೆ ಉಕ್ಕಿ ಹರಿದ 2019ರ ಆಗಸ್ಟಿನಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರಿನ ಕಡೆಯ ಜನ ಮನೆ ಬಿಟ್ಟು ಎತ್ತರದ ಜಾಗಗಳಿಗೆ ಹೋಗಬೇಕಾದಾಗ, ಪಂದ್ಯದ ದಿನಾಂಕಕ್ಕೆ ಯಾವ ಅರ್ಥವೂ ಉಳಿಯಲಿಲ್ಲ. ಹೊಳೆಯಂತೆಯೇ ನೀರಿನ ಹೋರಾಟಗಳೂ ವೇಳಾಪಟ್ಟಿಯನ್ನು ತಡೆಯುತ್ತಿದ್ದವು. ಮಲಪ್ರಭಾ ಕಾಲುವೆಯ ಕರದ ವಿರುದ್ಧ 1980ರ ಜುಲೈ 21ರಂದು ರೈತರು ಬಂಡೆದ್ದ ನೆಲ ನರಗುಂದ. ಮಹದಾಯಿ ನದಿಯ ನೀರಿಗಾಗಿ 2015ರಲ್ಲಿ ದೀರ್ಘ ಧರಣಿ ಆರಂಭವಾದದ್ದೂ ಅಲ್ಲಿಯೇ. ಬಂದ್ ಕರೆಯ ದಿನ ಬಸ್ಸು ನಿಂತರೆ ತಂಡವೂ ನಿಲ್ಲುತ್ತಿತ್ತು. ಬಾರದ ತಂಡಕ್ಕೆ ಸೋಲು ಬರೆದು ಎದುರಾಳಿಗೆ 'ವಾಕ್ ಓವರ್' ಕೊಡಬೇಕೆಂದು, ಅಂದರೆ ಆಡದೆಯೇ ಗೆಲುವು ಘೋಷಿಸಬೇಕೆಂದು ನಿಯಮ ಹೇಳುತ್ತದೆ. ಆದರೆ ನೀರಿಗಾಗಿ ನಡೆದ ಹೋರಾಟ ಆ ವಿದ್ಯಾರ್ಥಿಗಳ ಮನೆಯದೇ ಹೋರಾಟವಾಗಿದ್ದಾಗ, ನಿಯಮದಲ್ಲಿಯೇ ಇರುವ ಮುಂದೂಡಿಕೆಯ ಅವಕಾಶವನ್ನು ಬಳಸುವುದು ನಿರ್ದೇಶಕರ ವಿವೇಚನೆಗೆ ಸೇರಿದ ಧರ್ಮವಾಗಿತ್ತು.

ಎರಿ ಮಣ್ಣಿನ ಮೇಲೆ ಟ್ರ್ಯಾಕ್ ಹಾಕುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಕ್ರೀಡಾ ಆಡಳಿತದ ಸಾರವೆಲ್ಲ ಅಲ್ಲಿಯೇ ಸಿಗುತ್ತದೆ. ಈ ಮಣ್ಣು ನೀರು ಕುಡಿದಾಗ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಕುಗ್ಗಿ ಬೆರಳು ಇಳಿಯುವಷ್ಟು ಬಿರುಕು ಬಿಡುತ್ತದೆ. ಎರಡೂ ಸ್ಥಿತಿಗಳಲ್ಲಿ ಓಟಗಾರನ ಕಣಕಾಲಿಗೆ ಅಪಾಯ. ಅದಕ್ಕಾಗಿ ಗರಸು ಹರವಿ, ನೀರು ಚಿಮುಕಿಸಿ, ರೋಲರ್ ಎಳೆದು ನೆಲವನ್ನು ಹದಕ್ಕೆ ತಂದ ಮೇಲೆಯೇ ಅಳತೆಯ ಟೇಪು ಬಿಚ್ಚುತ್ತಿದ್ದರು. ಗಜೇಂದ್ರಗಡದ ಗುಡ್ಡದ ಬುಡದ ಗರಸು ನೆಲ ಮಳೆ ನಿಂತ ಕೂಡಲೇ ನೀರು ಬಸಿಯುವುದರಿಂದ, ಮಳೆ ಹಿಡಿದ ವರ್ಷಗಳಲ್ಲಿ ಕೂಟವನ್ನು ಆ ಕಡೆಗೆ ಸಾಗಿಸುವುದು ಜಾಣತನವಾಗಿತ್ತು. ಒಬ್ಬರು ನಡುವಿನ ಗೂಟಕ್ಕೆ ಹಗ್ಗ ಕಟ್ಟಿ ಹಿಡಿದರೆ, ಇನ್ನೊಬ್ಬರು ಅದರ ತುದಿ ಹಿಡಿದು ಅರ್ಧವೃತ್ತ ನಡೆಯುತ್ತಿದ್ದರು; ಅವರ ಹೆಜ್ಜೆಯ ಹಿಂದೆ ವಿದ್ಯಾರ್ಥಿಯೊಬ್ಬ ತೂತಿನ ಡಬ್ಬಿಯಿಂದ ಸುಣ್ಣದ ಪುಡಿ ಸುರಿಯುತ್ತ ಬರುತ್ತಿದ್ದನು. ಗಾಳಿ ಬಿಟ್ಟರೆ ಗೆರೆ ಹಾರಿಹೋಗುತ್ತದೆಂದು ಈ ಕೆಲಸವೆಲ್ಲ ಬಿಸಿಲೇರುವ ಮುಂಚೆಯೇ ಮುಗಿಯಬೇಕಿತ್ತು.

ಗೆರೆಗಳ ಪೈಕಿ ಹೆಚ್ಚು ಎಚ್ಚರ ಬೇಡುವುದು ಸ್ಟ್ಯಾಗರ್. ತಿರುವಿನಲ್ಲಿ ಹೊರಗಿನ ಲೇನ್ ಉದ್ದವಾಗುವುದರಿಂದ, ಅಲ್ಲಿ ಓಡುವವರ ಆರಂಭದ ಗೆರೆಯನ್ನು ಅಷ್ಟೇ ಅಳತೆಯಲ್ಲಿ ಮುಂದಕ್ಕೆ ಹಾಕಿ ಎಲ್ಲರ ಓಟವನ್ನೂ ಸಮದೂರಕ್ಕೆ ತರುವ ಕ್ರಮಕ್ಕೆ ಈ ಹೆಸರು. ಅಂತರರಾಷ್ಟ್ರೀಯ ಅಳತೆಯ 400 ಮೀಟರ್ ಟ್ರ್ಯಾಕಿನಲ್ಲಿ ತಿರುವಿನ ತ್ರಿಜ್ಯ 36.50 ಮೀಟರ್, ನೇರಭಾಗ 84.39 ಮೀಟರ್, ಲೇನಿನ ಅಗಲ 1.22 ಮೀಟರ್, ಒಳಗಡೆ ಎತ್ತರಿಸಿದ ಅಂಚು ಇದ್ದರೆ ಎರಡನೆಯ ಲೇನಿಗೆ 7.04 ಮೀಟರ್, ಆ ನಂತರದ ಪ್ರತಿ ಲೇನಿಗೆ 7.67 ಮೀಟರ್ ಮುಂದೆ ಗೆರೆ ಬೀಳುತ್ತದೆ. ತಾಲ್ಲೂಕು ಮೈದಾನಗಳಲ್ಲಿ ಅಂಥ ಅಂಚು ಇಲ್ಲದ್ದರಿಂದ ಎಲ್ಲ ಲೇನುಗಳಿಗೂ 7.67 ಮೀಟರೇ ಲೆಕ್ಕ. ಹಲವೆಡೆ ಜಾಗ ಸಾಲದೆ 200 ಮೀಟರಿನ ಸುತ್ತನ್ನಷ್ಟೇ ಹಾಕಲು ಸಾಧ್ಯವಾಗುತ್ತಿತ್ತು. ಆದರೂ ಒಂದು ಸುತ್ತಿಗೆ ಕೊಡಬೇಕಾದ ಅಂತರ ಬದಲಾಗುವುದಿಲ್ಲ, ಏಕೆಂದರೆ ಅದು ಲೇನಿನ ಅಗಲದ ಮೇಲೆ ನಿಂತಿದೆಯೇ ಹೊರತು ಮೈದಾನದ ಗಾತ್ರದ ಮೇಲೆ ಅಲ್ಲ. 400 ಮೀಟರ್ ಓಟವನ್ನು ಅಲ್ಲಿ ಎರಡು ಸುತ್ತಾಗಿ ಲೇನುಗಳಲ್ಲಿಯೇ ಓಡಿಸಿದರೆ ಅಂತರ ಇಮ್ಮಡಿಯಾಗಿ 15.34 ಮೀಟರ್ ಆಗುತ್ತದೆ. ಮೊದಲ ಸಲ ನೋಡುವವರಿಗೆ ಹೊರಗಿನ ಲೇನಿನವರಿಗೆ ಏನೋ ರಿಯಾಯಿತಿ ಸಿಕ್ಕಂತೆ ಕಾಣುತ್ತದೆ. ಓಟ ಮುಗಿಯುವ ಗೆರೆಯ ಬಳಿ ನಿಂತಾಗ ಮಾತ್ರ ಎಲ್ಲರೂ ಓಡಿದ್ದು ಒಂದೇ ದೂರ ಎಂಬುದು ಖಚಿತವಾಗುತ್ತದೆ. ರೋಣ, ನರಗುಂದ, ಗಜೇಂದ್ರಗಡದ ಆಟಗಾರರಿಗೆ ಮುಂಗಡ ಭತ್ಯೆ, ರಾತ್ರಿ ತಂಗುವ ವ್ಯವಸ್ಥೆ, ತಡವಾಗಿ ಬಂದರೂ ಆಯ್ಕೆಯಲ್ಲಿ ಒಂದು ಅವಕಾಶ ಕೊಟ್ಟಾಗ ಕೇಳಿಬರುತ್ತಿದ್ದ ಆಕ್ಷೇಪಕ್ಕೆ ಲೇಖಕ ಕಂಡುಕೊಂಡ ಉತ್ತರ ಇದೇ: ಅವರು ಹೊರಗಿನ ಲೇನಿನವರು, ಅವರ ಗೆರೆ ಮುಂದೆ ಬೀಳಲೇಬೇಕು.

ಅರ್ಹತಾ ಪತ್ರ ಎಂಬ ಒಂದು ಹಾಳೆಯ ದಾಖಲೆ ಎಷ್ಟು ಆಟಗಾರರ ಹಣೆಬರಹವನ್ನು ತೀರ್ಮಾನಿಸುತ್ತದೆ ಎಂಬುದು ಮೈದಾನದ ಹೊರಗಿನವರಿಗೆ ತಿಳಿಯುವುದಿಲ್ಲ. ವಿಶ್ವವಿದ್ಯಾಲಯದ ತಂಡದಲ್ಲಿ ಆಡುವವರು ನಿಜಕ್ಕೂ ಕಾಲೇಜಿನ ವಿದ್ಯಾರ್ಥಿಗಳು, ವಯೋಮಿತಿ ಮೀರದವರು, ಪಿಯುಸಿ ಮುಗಿಸಿ ನಿಗದಿತ ವರ್ಷಗಳನ್ನು ದಾಟದವರು ಎಂಬುದನ್ನು ದೃಢೀಕರಿಸುವ ಆ ಪತ್ರದಲ್ಲಿ ಜನ್ಮದಿನಾಂಕ, ಪಿಯುಸಿ ಪಾಸಾದ ವರ್ಷ, ಪ್ರವೇಶದ ದಿನ, ಭಾವಚಿತ್ರದ ಮೇಲೆ ಪ್ರಾಚಾರ್ಯರ ಮುದ್ರೆ ಎಲ್ಲವೂ ತಾಳೆಯಾಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಕೊನೆಗೆ, ಗುರುತಿನ ಚೀಟಿಯಲ್ಲಿ ಮೊದಲಿಗೆ, ಆಧಾರಿನಲ್ಲಿ ತಂದೆಯ ಹೆಸರಿನ ಒಂದಕ್ಷರ ಮಾತ್ರ ಎಂಬಂಥ ವ್ಯತ್ಯಾಸಗಳು ಉತ್ತರ ಕರ್ನಾಟಕದಲ್ಲಿ ಮನೆಮನೆಯ ಸಂಗತಿ. ಆದರೆ ದೂರದ ರಾಜ್ಯದ ತಪಾಸಣೆಯ ಮೇಜಿನ ಮುಂದೆ ಅದೇ ವ್ಯತ್ಯಾಸ ಆಟಗಾರನನ್ನು ಹೊರಗಿಡಬಲ್ಲದು. ಎರಡು ರಾತ್ರಿ ರೈಲಿನಲ್ಲಿ ಪ್ರಯಾಣ ಮಾಡಿ ಹೋದ ಓಟಗಾರ್ತಿ ಹೆಸರಿನ ಒಂದಕ್ಷರಕ್ಕಾಗಿ ಟ್ರ್ಯಾಕಿನ ಹೊರಗೆ ನಿಲ್ಲುವ ಸ್ಥಿತಿ ಬಾರದಂತೆ ಜೂನ್–ಜುಲೈ ತಿಂಗಳಲ್ಲಿಯೇ ಕಾಲೇಜುಗಳಿಂದ ಪತ್ರ ತರಿಸಿ, ಒಂದೊಂದನ್ನೂ ಬೆರಳಿಟ್ಟು ಓದಿ, ತಪ್ಪಿದ್ದವನ್ನು ತಿದ್ದಿಸಿ ತರಿಸುವ ಕೆಲಸಕ್ಕೆ ಚಪ್ಪಾಳೆ ಬೀಳುವುದಿಲ್ಲ. ಆದರೂ ತರಬೇತುದಾರನ ಶ್ರಮದಷ್ಟೇ ಇದೂ ಗೆಲುವಿನ ಪಾಲುದಾರ.

ಈ ಎಲ್ಲ ಹಂತಗಳನ್ನು ದಾಟಿ ವಿಶ್ವವಿದ್ಯಾಲಯದ ತಂಡ ಸೇರಿದವರನ್ನು 'ಬ್ಲೂ' ಎನ್ನುತ್ತಾರೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ನಡುವೆ 1829ರಲ್ಲಿ ಆರಂಭವಾದ ದೋಣಿ ಪಂದ್ಯದ ಪರಂಪರೆಯಲ್ಲಿ ಒಬ್ಬರದು ಕಡು ನೀಲಿ, ಇನ್ನೊಬ್ಬರದು ತಿಳಿ ನೀಲಿ ಆಗಿ, ಆ ಬಣ್ಣ ತೊಡುವ ಅರ್ಹತೆ ಪಡೆದವರಿಗೆ ಬಂದ ಹೆಸರು ಅದು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ, ರೋಣದ ಒಕ್ಕಲಿಗರ ಮನೆಯಲ್ಲಿ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕುತ್ತಿದ್ದದ್ದು ಅಭಿಮಾನಕ್ಕಾಗಿ ಮಾತ್ರವಲ್ಲ. ಪೊಲೀಸ್, ಸೇನೆ, ರೈಲ್ವೆಗಳ ನೇಮಕಾತಿಯಲ್ಲಿ ಕ್ರೀಡಾ ಸಾಧನೆಯ ದಾಖಲೆಗೆ ಬೆಲೆ ಇದ್ದದ್ದರಿಂದ ಅದು ಕುಟುಂಬವೊಂದರ ಆರ್ಥಿಕ ಭರವಸೆಯೂ ಆಗಿತ್ತು. ಆದಕಾರಣ ಆಯ್ಕೆಯಲ್ಲಿ ನಡೆಯುವ ಪಕ್ಷಪಾತವು ಬರೀ ಆಟದ ಅನ್ಯಾಯವಾಗಿ ಉಳಿಯದೆ ಒಂದು ಮನೆಯ ಅನ್ನದ ಮೇಲಿನ ಅನ್ಯಾಯವಾಗುತ್ತದೆ ಎಂಬ ಅರಿವು ಆಯ್ಕೆ ಸಮಿತಿಯ ಮೇಜಿನ ಸುತ್ತ ಕೂಡುವವರಿಗೆ ಸದಾ ಇರಬೇಕಾಗಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ದೂರ ಇನ್ನಷ್ಟು ಹೆಚ್ಚಾಗುತ್ತಿತ್ತು. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗದ ಕಾರಣಕ್ಕೆ ಭೇದ ಮಾಡಬಾರದೆಂದು 1972ರಲ್ಲಿ ಬಂದ 'ಟೈಟಲ್ ನೈನ್' ಎಂಬ ಕಾನೂನು ಅಲ್ಲಿನ ಕ್ರೀಡಾ ನಿರ್ದೇಶಕರ ಆಯವ್ಯಯವನ್ನೇ ಬದಲಿಸಿತು. ಟಿಕೆಟ್ ಮಾರಾಟ ಮತ್ತು ದೂರದರ್ಶನ ಪ್ರಸಾರದಿಂದ ದೊಡ್ಡ ಆದಾಯ ಪಡೆಯುವ ಅಲ್ಲಿನ ವಿಭಾಗಗಳೆಲ್ಲಿ, ವಿದ್ಯಾರ್ಥಿಗಳ ಪ್ರವೇಶದ ವೇಳೆ ಸಂಗ್ರಹವಾಗುವ ಕ್ರೀಡಾ ಶುಲ್ಕದ ಮೇಲೆ ನಿಂತ ಇಲ್ಲಿನ ವಿಭಾಗಗಳೆಲ್ಲಿ ಎಂಬ ಅಂತರ ಇದ್ದೇ ಇದೆ. ಇಲ್ಲಿನ ಅಡೆತಡೆ ಬೇರೆ ರೂಪದ್ದು. ಅದಕ್ಕೆ ಬೇಕಾದದ್ದು ಬಹಳ ಸಲ ಹೊಸ ಕಾನೂನಿಗಿಂತ ಸಂಜೆಯ ಬಸ್ಸು. ಫೈನಲ್ ಪಂದ್ಯ ಐದು ಗಂಟೆಗೆ ಮುಗಿದರೆ ಗದಗದಿಂದ ಮುಂದಿನ ಹಳ್ಳಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ ಚೆನ್ನಾಗಿ ಆಡುವ ಖೋ-ಖೋ ಆಟಗಾರ್ತಿಯನ್ನು ಮನೆಯವರು ಮರುವರ್ಷ ಕಳಿಸುತ್ತಿರಲಿಲ್ಲ. ಮಹಿಳೆಯರ ಪಂದ್ಯಗಳನ್ನು ಬೆಳಗಿನ ಹೊತ್ತಿಗೆ ತಂದದ್ದು, ತಂಡದ ಜೊತೆ ಮಹಿಳಾ ವ್ಯವಸ್ಥಾಪಕಿ ಇರಲೇಬೇಕೆಂದು ಪಟ್ಟು ಹಿಡಿದದ್ದು ಸಣ್ಣ ಬದಲಾವಣೆಗಳಾದರೂ ನರಗುಂದ ಮತ್ತು ಗಜೇಂದ್ರಗಡದಿಂದ ಬರುವ ತಂಡಗಳ ಮೇಲೆ ಅವುಗಳ ಪರಿಣಾಮ ಕಣ್ಣಿಗೆ ಕಾಣುವಂತಿತ್ತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣವನ್ನು ಉಚಿತಗೊಳಿಸಿದ ಮೇಲೆ, ಅಭ್ಯಾಸಕ್ಕಾಗಿ ದಿನವೂ ಊರಿಂದೂರಿಗೆ ಹೋಗುವ ಖರ್ಚಿನ ಭಾರವೂ ಇಳಿಯಿತು.

ಕುಸ್ತಿಯಲ್ಲಿ ಎದುರಾದದ್ದು ಇನ್ನೊಂದು ಬಗೆಯ ದೂರ. ಈ ಸೀಮೆಯ ಜಾತ್ರೆಗಳಲ್ಲಿ ಮಣ್ಣಿನ ಅಖಾಡದ ಕುಸ್ತಿಗೆ ಇಂದಿಗೂ ಜನ ಕೂಡುತ್ತಾರೆ, ಮತ್ತು ಗರಡಿಮನೆಯಲ್ಲಿ ಬೆಳೆದ ಹುಡುಗರು ಎದುರಾಳಿಯ ಬೆನ್ನು ಮಣ್ಣಿಗೆ ಹಚ್ಚುವವರೆಗೂ ತಾಳ್ಮೆಯಿಂದ ಸೆಣಸುವುದನ್ನು ಕಲಿತಿರುತ್ತಾರೆ. ವಿಶ್ವವಿದ್ಯಾಲಯದ ಪಂದ್ಯವಾದರೋ ಮ್ಯಾಟಿನ ಮೇಲೆ, ಮೂರು ಮೂರು ನಿಮಿಷಗಳ ಎರಡು ಅವಧಿಗಳಲ್ಲಿ, ಅಂಕಗಳ ಲೆಕ್ಕದಲ್ಲಿ ನಡೆಯುತ್ತದೆ. ಫ್ರೀಸ್ಟೈಲ್‌ನಲ್ಲಿ ಹತ್ತು ಅಂಕಗಳ ಮುನ್ನಡೆ ಬಂದೊಡನೆ ಕುಸ್ತಿ ಮುಗಿಯುತ್ತದೆ. ಮಣ್ಣಿನಲ್ಲಿ ಗೆಲ್ಲಬಲ್ಲ ಪೈಲ್ವಾನ ಮ್ಯಾಟಿನಲ್ಲಿ ಸೋಲುತ್ತಿದ್ದದ್ದು ಬಲದ ಕೊರತೆಯಿಂದಲ್ಲ, ಆ ಲೆಕ್ಕದ ಅಭ್ಯಾಸ ಇಲ್ಲದ್ದರಿಂದ. ಮ್ಯಾಟಿರುವ ಊರಿನಲ್ಲಿ ಹತ್ತು ದಿನ ಮೊದಲೇ ಶಿಬಿರ ನಡೆಸಿ, ನಿಯಮಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಗರಡಿಯ ಉಸ್ತಾದರನ್ನೂ ಕರೆದು ಕೂಡಿಸಿಕೊಂಡಾಗ ಆ ಅಂತರ ತುಂಬಿಬರುತ್ತಿತ್ತು. ಉಸ್ತಾದರ ವಿದ್ಯೆಗೆ ಗೌರವ ಕೊಡದ ಆಧುನಿಕ ತರಬೇತಿ ಈ ಸೀಮೆಯಲ್ಲಿ ಬೇರು ಬಿಡುವುದಿಲ್ಲ ಎಂಬುದು ಆ ವರ್ಷಗಳು ಕಲಿಸಿದ ಗಟ್ಟಿ ಪಾಠ.

ಇಂಥ ಆಡಳಿತದ ಎದುರಿಗೆ ಬೇರೊಂದು ಮಾದರಿಯೂ ಇದೆ. 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾಲಯವು ಅಥ್ಲೆಟಿಕ್ಸಿನಲ್ಲಿ ದೇಶದ ಮುಂಚೂಣಿಗೆ ಬಂದದ್ದರ ಹಿಂದೆ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯ ಕ್ರೀಡಾಪಟುಗಳ ದತ್ತು ಯೋಜನೆ, ವಸತಿ, ಆಹಾರ ಮತ್ತು ವರ್ಷಪೂರ್ತಿ ತರಬೇತಿ ಇವೆ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟಗಳು ಅದೇ ಮೂಡುಬಿದಿರೆಯಲ್ಲಿ ನಡೆದಿವೆ. ಆಯ್ದ ಪ್ರತಿಭೆಗಳನ್ನು ಒಂದೆಡೆ ಕೂಡಿಸಿ ಬೆಳೆಸುವ ಈ ಮಾರ್ಗ ಪದಕ ತರುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ, ಮತ್ತು ವಿಶ್ವವಿದ್ಯಾಲಯಗಳ ಒಟ್ಟು ಕ್ರೀಡಾ ಸಾಧನೆಗಾಗಿ 1956–57ರಿಂದ ಕೊಡಲಾಗುತ್ತಿರುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿಯ ಲೆಕ್ಕಾಚಾರವೂ ಪದಕಗಳನ್ನೇ ಎಣಿಸುತ್ತದೆ. ಲೇಖಕನಿಗೆ ಆ ಮಾದರಿಯ ಬಗ್ಗೆ ಗೌರವವಿದೆ. ಆದರೆ ಆರಿಸಿ ಒಂದೆಡೆ ಕೂಡಿಸುವುದಕ್ಕೂ ಮೊದಲು ಯಾರೋ ಒಬ್ಬರು ಹಳ್ಳಿಯಲ್ಲಿ ಆ ಓಟವನ್ನು ನೋಡಿರಬೇಕು, ಅದಕ್ಕೆ ತಾಲ್ಲೂಕು ಕಾಲೇಜಿನಲ್ಲಿ ಒಬ್ಬ ಪೀಡಿ ಇರಬೇಕು, ಅವರ ಕೈಯಲ್ಲಿ ಒಂದು ಟೇಪು, ಒಂದು ಗಡಿಯಾರ ಮತ್ತು ತಂಡವನ್ನು ಕಳಿಸುವಷ್ಟು ಹಣ ಇರಬೇಕು. ಆ ಹುದ್ದೆ ಖಾಲಿ ಬಿದ್ದ ಕಾಲೇಜಿನಲ್ಲಿ ಬೇರೆ ವಿಷಯದ ಅಧ್ಯಾಪಕರು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ವರ್ಷಗಳ ಅಭ್ಯಾಸದಿಂದ ಬರುವ ಆ ಕಣ್ಣು ಸಿಗುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಈ ಹುದ್ದೆಗೆ ಬರುವ ಮೂವತ್ತು ವರ್ಷದೊಳಗಿನ ಪುರುಷರು ಹನ್ನೆರಡು ನಿಮಿಷಗಳಲ್ಲಿ 1800 ಮೀಟರ್, ಮಹಿಳೆಯರು ಎಂಟು ನಿಮಿಷಗಳಲ್ಲಿ 1000 ಮೀಟರ್ ಕ್ರಮಿಸಿ ತೋರಿಸಬೇಕೆಂದು ಹೇಳುತ್ತವೆ. ಹುದ್ದೆಯ ಅರ್ಹತೆಯನ್ನು ಇಷ್ಟು ನಿಖರವಾಗಿ ಅಳೆಯುವ ವ್ಯವಸ್ಥೆಯು ಆ ಹುದ್ದೆಯನ್ನು ಸಕಾಲದಲ್ಲಿ ತುಂಬುವುದಕ್ಕೂ ಅಷ್ಟೇ ನಿಖರತೆ ತೋರಿಸಬೇಕು.

ಹೀಗೆ ನೆನಪುಗಳನ್ನು ಜೋಡಿಸಿ ನೋಡಿದಾಗ ಒಂದು ಸಲಹೆ ಮುಂದಿಡುವುದು ಕರ್ತವ್ಯವೆನಿಸುತ್ತದೆ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗವು ಪ್ರತಿವರ್ಷ ಪದಕಗಳ ಪಟ್ಟಿಯ ಪಕ್ಕದಲ್ಲಿಯೇ ಇನ್ನೊಂದು ಪಟ್ಟಿಯನ್ನು ಪ್ರಕಟಿಸಬೇಕು: ಯಾವ ತಾಲ್ಲೂಕಿನ ಎಷ್ಟು ಕಾಲೇಜುಗಳು ಎಷ್ಟು ಕ್ರೀಡೆಗಳಿಗೆ ತಂಡ ಕಳಿಸಿದವು, ಅವುಗಳಲ್ಲಿ ಹೆಣ್ಣುಮಕ್ಕಳ ತಂಡಗಳೆಷ್ಟು, ಕಳೆದ ವರ್ಷ ಬಂದು ಈ ವರ್ಷ ಬಾರದ ಕಾಲೇಜು ಯಾವುದು ಮತ್ತು ಏಕೆ ಬರಲಿಲ್ಲ. ಅಂಥ ಪಟ್ಟಿಯಲ್ಲಿ ರೋಣ, ನರಗುಂದ, ಗಜೇಂದ್ರಗಡದ ಎದುರಿನ ಅಂಕಣ ತುಂಬಿದ್ದ ವರ್ಷ ಪದಕಗಳು ಕಡಿಮೆಯಾಗಿದ್ದರೂ ಆ ನಿರ್ದೇಶಕರು ತಮ್ಮ ಕೆಲಸ ಮಾಡಿದ್ದಾರೆಂದೇ ಹೇಳಬೇಕು. ಆ ಅಂಕಣ ಖಾಲಿಯಿದ್ದ ವರ್ಷ ಎಷ್ಟೇ ಟ್ರೋಫಿಗಳು ಬಂದಿದ್ದರೂ ಯಾವ ಊರಿನ ಬಸ್ಸು, ಯಾವ ಕಾಲೇಜಿನ ಹುದ್ದೆ, ಯಾವ ದಿನಾಂಕ ಆ ಮಕ್ಕಳನ್ನು ತಡೆಯಿತು ಎಂದು ಮರುವರ್ಷದ ಕ್ಯಾಲೆಂಡರ್ ಬರೆಯುವ ಮುಂಚೆ ಆ ಊರಿಗೇ ಹೋಗಿ ಕೇಳಿ ಬರಬೇಕು.